ಗಾಳಿಯಿಲ್ಲದ ಊರಿನ ಬಾವುಟ

ಮಗು ಊದಿದರೆ ಬಾಯಿ ಮುಚ್ಚಿಸುವುದಿಲ್ಲ ಅಂತ ನಾನು ನನ್ನ ಗಂಡನಿಗೆ ಮಾತು ಕೊಟ್ಟಿದ್ದೆ. ಆಗ ಇಂಚರಳಿಗೆ ಒಂದೂವರೆ ವರ್ಷ. ಅವರು ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಕೂತೇ ಇರುತ್ತಿದ್ದರು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕ್ಲಾರಿನೆಟ್ಟನ್ನು ಪೂರ್ತಿ ಎತ್ತಿ ಹಿಡಿಯುವ ಶಕ್ತಿ ಹೋಗಿತ್ತು. ಅದರ ಮೂತಿಯನ್ನಷ್ಟೇ ಬಿಚ್ಚಿ ಬಾಯಿಗಿಟ್ಟುಕೊಂಡು ಸಣ್ಣಗೆ ‘ಪೀಂ’ ಅನ್ನಿಸುತ್ತಿದ್ದರು. ಎದೆಯ ಮೇಲೆ ಬೋರಲಾಗಿ ಬಿದ್ದಿದ್ದ ಮಗು ತುಟಿ ಬಿಗಿಮಾಡಿ ತಾನೂ ‘ಪೀಂ’ ಅನ್ನುತ್ತಿತ್ತು. ಅದು ‘ಅಮ್ಮ’ ಅನ್ನುವುದಕ್ಕೆ ಮೊದಲೇ ‘ಪೀಂ’ ಅಂದಿತ್ತು.

“ಲೇ ಜಯಾ, ನೋಡೇ, ನನ್ನ ಶ್ರುತಿಗೇ ಹಿಡೀತಾಳೆ!” ಅಂದರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, “ನಾನು ಎರಡನೇ ಕ್ಲಾಸಲ್ಲಿ ಹಿಂಗೇ ಬಾಯಲ್ಲಿ ಊದ್ತಾ ಇದ್ದೆ ಅಂತ ಮೇಷ್ಟ್ರು ತುಟಿ ಮೇಲೆ ರೂಲುದೊಣ್ಣೇಲಿ ಬಾರಿಸಿದ್ರು. ಅವತ್ತೇ ಕೊನೆ, ಆಮೇಲೆ ಸ್ಕೂಲ್ ಕಡೆ ತಲೆ ಹಾಕಲಿಲ್ಲ. ಇವಳಿಗೆ ಹಂಗಾಗಬಾರದು. ಇವಳು ಊದಿದ್ರೆ ಬಾಯಿ ಮುಚ್ಚಿಸಬೇಡ. ಯಾರು ಮುಚ್ಚಿಸಿದ್ರೂ ನೀನು ಮುಚ್ಚಿಸಬೇಡ” ಅಂದರು.

“ಆಯ್ತು ರೀ, ಮೊದ್ಲು ಗಂಜಿ ಕುಡೀರಿ.”

“ಗಂಜಿ ಆಮೇಲೆ. ಮಾತು ಕೊಡು.”

ಅವರ ಅಂಗೈ ಮೇಲೆ ಅಂಗೈ ಇಟ್ಟು ಕೊಟ್ಟೆ. ಆಮೇಲೆ ಗಂಜಿ ಕುಡಿದರು.

ನಮ್ಮ ಊರಲ್ಲಿ ಗಾಳಿ ಬೀಸುವುದಿಲ್ಲ. ಹೊರಗಿನಿಂದ ಬಂದವರಿಗೆ ಮೊದಲ ದಿನ ಅದು ಗೊತ್ತಾಗುವುದಿಲ್ಲ, ಎರಡನೇ ದಿನ ಬೀಸಣಿಗೆ ಕೊಳ್ಳುತ್ತಾರೆ. ಮಳೆ ನೂಲು ಬಿಟ್ಟ ಹಾಗೆ ನೆಟ್ಟಗೆ ಬೀಳುತ್ತದೆ, ಕಿಟಕಿ ಮುಚ್ಚುವ ರೂಢಿಯೇ ಇಲ್ಲ. ಬೆಳಿಗ್ಗೆ ಪ್ರತಿ ಮನೆಯ ಹೊಗೆಯೂ ಕಂಬದ ಹಾಗೆ ನಿಲ್ಲುವುದರಿಂದ ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ ಅನ್ನುವುದು ಎಲ್ಲರಿಗೂ ತಿಳಿಯುತ್ತದೆ. ಇಲ್ಲಿ ಕಾಳು ತೂರುವವರಿಲ್ಲ, ಮೊರದಲ್ಲಿ ಕೇರುವವರೇ. ಹೊಸದಾಗಿ ಬಂದ ಸೊಸೆಗೆ ಅತ್ತೆ ಕೊಡುವ ಮೊದಲ ಸಾಮಾನು ಬೀಸಣಿಗೆ. ಒಗೆದ ಬಟ್ಟೆ ಮೂರು ದಿನವಾದರೂ ಹಸಿಯಾಗೇ ತಂತಿ ಮೇಲೆ ಜೋತುಬಿದ್ದಿರುತ್ತದೆ. ಅದಕ್ಕೇ ಊರಿನಲ್ಲಿ ಏಳು ಇಸ್ತ್ರಿ ಅಂಗಡಿಗಳಿವೆ. ನಾನು ದೊರೆಸ್ವಾಮಣ್ಣನ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತೇನೆ. ಹಸಿ ಬಟ್ಟೆ ಬರುತ್ತದೆ, ಒಣಗಿದ ಬಟ್ಟೆ ಹೋಗುತ್ತದೆ. ಬಲಗೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಎಡಗೈಯಲ್ಲಿ ಕೆಂಡಕ್ಕೆ ಬೀಸಣಿಗೆ. ನನ್ನ ಎರಡು ಭುಜವೂ ಒಂದೇ ಸಮ ಇಲ್ಲ ಅಂತ ರವಿಕೆ ಹೊಲಿಯುವವಳು ಯಾವಾಗಲೂ ಬೈಯುತ್ತಾಳೆ.

ಇಂಥ ಊರಲ್ಲಿ ನಮ್ಮನೆಯವರು ಬ್ಯಾಂಡ್‌ಸೆಟ್ಟಿನಲ್ಲಿದ್ದರು. “ಗಾಳಿಯಿಲ್ಲದ ಊರಲ್ಲಿ ಗಾಳಿ ಮಾರಿ ಬದುಕೋನು ಕಣೇ ನಾನು” ಅನ್ನುತ್ತಿದ್ದರು. ಅವರ ಹೆಸರು ಸಿದ್ಧರಾಜು. ಕೆಂಪು ಕೋಟು, ಭುಜದ ಮೇಲೆ ಜರಿಯ ಕುಚ್ಚು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ, ತಲೆಗೆ ತುರಾಯಿಯ ಟೋಪಿ. ಆ ಕೋಟಿನಲ್ಲಿ ತೆಗೆಸಿದ ಒಂದು ಫೋಟೋ ಮನೆಯ ಗೋಡೆಯ ಮೇಲಿತ್ತು. ಅದಕ್ಕೆ ಹಾರ ಹಾಕಲು ನನ್ನ ಕೈ ಮೇಲೇಳಲಿಲ್ಲ. ಅಪ್ಪ ಎಲ್ಲಿ ಅಂತ ಮಗು ಕೇಳಿದಾಗಲೆಲ್ಲ, “ಮದುವೆಗೆ ಬಾರಿಸೋಕೆ ದೂರದೂರಿಗೆ ಹೋಗಿದಾರೆ” ಅಂತ ಹೇಳಿಬಿಡುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮೂರು ವರ್ಷ ಕಳೆದುಹೋಯಿತು. ದುಡಿದು ಬಂದವಳಿಗೆ ಅಂಥ ಮಾತಿಗೆ ಶಕ್ತಿ ಎಲ್ಲಿರುತ್ತದೆ?

ಗಾಳಿಯಿಲ್ಲದ ಊರಿನಲ್ಲಿ ಬಾವುಟ ಹಾರುವುದು ಒಂದೇ ಕಡೆ, ಶಿಶುವಿಹಾರದ ಅಂಗಳದಲ್ಲಿ. ಅದೂ ಮಕ್ಕಳು ಹಾರಿಸಿದರೆ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಪುಟಾಣಿಗಳೆಲ್ಲ ಕಂಬದ ಸುತ್ತ ನಿಂತು ನಾಡಿನ ಹಾಡು ಹಾಡುತ್ತಾರೆ. ಹಾಡು ಮುಗಿದ ಮೇಲೆ ಟೀಚರ್ ಮನಸ್ಸಿನಲ್ಲೇ ಇಪ್ಪತ್ತು ಎಣಿಸುವ ತನಕ ಒಬ್ಬರೂ ತಳ್ಳದೆ, ಚಿವುಟದೆ, ಸದ್ದು ಮಾಡದೆ ನಿಂತರೆ ಬಾವುಟದ ಅಂಚು ಮೆಲ್ಲಗೆ ಅಲುಗುತ್ತದೆ, ಆಮೇಲೆ ಮಡಿಕೆ ಬಿಚ್ಚುತ್ತದೆ, ಆಮೇಲೆ ಪಟಪಟ ಅಂತ ಹಾರುತ್ತದೆ. ದೊಡ್ಡ ಶಾಲೆಯ ಹುಡುಗರು ನಿಂತರೆ ಅದು ಹಾರುವುದಿಲ್ಲ. ಒಮ್ಮೆ ಊರಿನ ಹಿರಿಯರೆಲ್ಲ ಸ್ನಾನ ಮಾಡಿ ಬಂದು ಅರ್ಧ ದಿನ ನಿಂತು ನೋಡಿದ್ದರಂತೆ, ಕಾಗೆ ಬಂದು ಕಂಬದ ಮೇಲೆ ಕೂತು ಹೋಯಿತಂತೆ. ಸಂತೆಬೀದಿಯ ಅಂಗಡಿಯವರು ಬಾವುಟ ಹಾರುವ ತನಕ ಬೋಣಿ ಮಾಡುವುದಿಲ್ಲ. ಹಾರದ ದಿನ ಹತ್ತೂವರೆಯಾದರೂ ಕೈಕಟ್ಟಿ ಕೂತು, “ಯಾರ ಮಗುನೋ ಇವತ್ತು?” ಅಂತ ಕೇಳಿಕೊಳ್ಳುತ್ತಾರೆ.

ಶಿಶುವಿಹಾರದ ಫಿಲೋಮಿನಾ ಟೀಚರ್ ಒಳ್ಳೆಯವರು. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿದವರು ಅವರನ್ನು ಬೈಯಬಹುದು. ದಿನಾ ಪಕ್ಕದೂರಿನಿಂದ ಬಸ್ಸಿನಲ್ಲಿ ಬಂದುಹೋಗುವ ಅವರು ಇಪ್ಪತ್ತಾರು ವರ್ಷದಿಂದ ಒಂದು ಮಗುವಿಗೂ ಕೈ ಎತ್ತಿದವರಲ್ಲ. ಎಲ್ಲವನ್ನೂ ದೇಶದ ಹೆಸರಲ್ಲಿ ಮಾಡಿಸುತ್ತಾರೆ. ಉಪ್ಪಿಟ್ಟು ಚೆಲ್ಲಿದರೆ “ದೇಶದ ಅನ್ನ, ಪುಟ್ಟಾ” ಅನ್ನುತ್ತಾರೆ. ಚಪ್ಪಲಿ ಜೋಡಿಸಿಟ್ಟರೆ “ಭೇಷ್, ದಂಡನಾಯಕ!” ಅನ್ನುತ್ತಾರೆ. ‘ಸಾಲಾಗಿ ನಿಂತರೆ ಸೈನ್ಯ, ತಳ್ಳಾಡಿದರೆ ಸಂತೆ’ ಅಂತ ಮಕ್ಕಳ ಕೈಲಿ ಹೇಳಿಸುತ್ತಾರೆ. ದಿನಾ ಸಂಜೆ, ಜಾಣರಾಗಿದ್ದ ಇಬ್ಬರನ್ನು ಕರೆದು ‘ಗಡಿ ಕಾಯುವವರು’ ಅಂತ ಸೊಂಟಕ್ಕೆ ಹಸಿರು ಪಟ್ಟಿ ಕಟ್ಟಿ ಕಳಿಸುತ್ತಾರೆ. ಆ ಪಟ್ಟಿ ಕಟ್ಟಿಕೊಂಡ ಮಗು ಬೀದಿಯಲ್ಲಿ ನಡೆದು ಬಂದರೆ ಹೋಟೆಲಿನವರು ಕರೆದು ಬಿಸ್ಕತ್ತು ಕೊಡುತ್ತಾರೆ. ಇಂಚರ ಪಟ್ಟಿಯನ್ನು ಕನಸಿನಲ್ಲೂ ಕೇಳುತ್ತಿದ್ದಳು. ಜೂನ್ ತಿಂಗಳಲ್ಲಿ ಸೇರಿದ್ದು. ಒಂದು ದಿನವೂ ಅವಳಿಗೆ ಸಿಗಲಿಲ್ಲ.

ಅವಳದ್ದು ತುಂಟತನ ಅಲ್ಲ. ತಳ್ಳುವವಳಲ್ಲ, ಕಚ್ಚುವವಳಲ್ಲ, ಅನ್ನ ಚೆಲ್ಲುವವಳಲ್ಲ. ಹಾಡು ಮುಗಿದು ಎಲ್ಲ ಸ್ತಬ್ಧವಾದಾಗ, ಟೀಚರ್ ಹತ್ತೋ ಹನ್ನೆರಡೋ ಎಣಿಸುವ ಹೊತ್ತಿಗೆ, ಬಾವುಟದ ಅಂಚು ಇನ್ನೇನು ಅಲುಗಬೇಕು ಅನ್ನುವಾಗ, ಇವಳ ತುಟಿ ತಾನಾಗಿ ಬಿಗಿಯಾಗಿ ‘ಪೀಂ’ ಅನ್ನುತ್ತಿತ್ತು. ಬಾವುಟ ಮತ್ತೆ ಜೋತುಬೀಳುತ್ತಿತ್ತು. “ಯಾಕಮ್ಮಾ ಊದಿದೆ?” ಅಂದರೆ, “ಎಲ್ಲಾರೂ ಸುಮ್ನಿದ್ರು, ಅದಕ್ಕೆ” ಅನ್ನುತ್ತಿದ್ದಳು. ಅವಳಪ್ಪನೂ ಹಾಗೇ. ಮನೆ ಸುಮ್ಮನಾದರೆ ಸಾಕು, ಯಾವುದಾದರೂ ಸ್ವರ ತೆಗೆಯುತ್ತಿದ್ದರು.

ಜುಲೈನಲ್ಲಿ ಅವಳಿಗೆ ಮೂರು ದಿನ ಜ್ವರ ಬಂತು. ಆ ಮೂರೂ ದಿನ ಬಾವುಟ ಹಾರಿತು. ನಾಲ್ಕನೇ ದಿನ ಅವಳನ್ನು ಬಿಟ್ಟು ಬಂದೆ, ಹಾರಲಿಲ್ಲ. ಊರಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಹೂವು ಮಾರುವ ಚೆನ್ನಾಜಮ್ಮ ನನ್ನನ್ನು ನಿಲ್ಲಿಸಿ, “ಏನವ್ವ ಜಯಶೀಲಾ, ನಿನ್ನ ಮಗಳು ಊದಿ ಊದಿ ನನ್ನ ಮಲ್ಲಿಗೆ ಎಲ್ಲಾ ಬಾಡಿಸ್ತಾವ್ಳಲ್ಲ. ಬಾಯಿಗೆ ಒಂದು ಕಡ್ಲೆ ಉಂಡೆನಾದ್ರೂ ತುರುಕಿ ಕಳ್ಸಬಾರ್ದಾ?” ಅಂದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಮಾರನೇ ದಿನ ನಿಜವಾಗಿ ಕಡ್ಲೆ ಉಂಡೆ ಕೊಟ್ಟು ಕಳಿಸಿದೆ. ಅದನ್ನು ತಿಂದು ಮುಗಿಸಿ ಊದಿದಳಂತೆ.

ಆಗಸ್ಟ್ ಮೊದಲ ವಾರ ಟೀಚರ್ ನನ್ನನ್ನು ಕರೆಸಿದರು. ಪುಟ್ಟ ಕುರ್ಚಿ, ಅದರಲ್ಲಿ ನನಗೆ ಕೂರಲು ಆಗದೆ ನಿಂತೇ ಇದ್ದೆ. ಅವರು ಕಣ್ಣೆತ್ತದೆ ಹೇಳಿದರು: “ಇಂಚರನಮ್ಮ, ಬೇಜಾರು ಮಾಡ್ಕೋಬೇಡಿ. ಸ್ವಾತಂತ್ರ್ಯದ ದಿನ ಇಡೀ ಊರು ಬಂದು ನಿಲ್ಲತ್ತೆ. ಅವತ್ತು ಬಾವುಟ ಹಾರದಿದ್ರೆ ಇವಳ ಹೆಸರು ತೆಗೀಬೇಕು ಅಂತ ಸಮಿತಿಯವರು ಬರೆದೇ ಇಟ್ಟಿದಾರೆ. ಅವತ್ತೊಂದು ದಿನ ರಜ ಹಾಕಿಸಿ ಅಂದೆ, ಅದಕ್ಕೂ ಒಪ್ಪಲಿಲ್ಲ. ನಾಳೆ ದಿನ ಮತ್ತೆ ಹಾರಲ್ವಲ್ಲ, ಇವಳನ್ನ ಇಟ್ಕೊಂಡೇ ಹಾರಲಿ ಅಂತಾರೆ.”

“ಹೆಸರು ತೆಗೆದ್ರೆ ಇವಳನ್ನ ಎಲ್ಲಿ ಬಿಡ್ಲಿ ಟೀಚರ್?”

ಅವರು ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಮುಚ್ಚಿದರು. ಅಂಗಡಿಗೆ ಮತ್ತೆ ಕರೆದೊಯ್ಯುವ ಹಾಗಿರಲಿಲ್ಲ. ಮೇ ತಿಂಗಳಲ್ಲಿ ಅಂಗಡಿಗೆ ಕರೆದುಕೊಂಡು ಹೋಗಿ ಮೇಜಿನ ಕೆಳಗೆ ಕೂರಿಸಿಕೊಳ್ಳುತ್ತಿದ್ದೆ. ಒಂದು ಕೆಂಡ ಹಾರಿ ಬಿದ್ದು ಅವಳ ಎಡ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಗಾಯವಾಯಿತು. ಆ ದಿನ ದೊರೆಸ್ವಾಮಣ್ಣ, “ತಾಯಿ, ಕೆಲಸ ಬೇಕೋ ಬೇಡ್ವೋ ನೀನು ಯೋಚ್ನೆ ಮಾಡು. ನನ್ನ ಅಂಗಡೀಲಿ ಮಗು ಸುಡೋದನ್ನ ನಾನು ನೋಡಲಾರೆ” ಅಂದಿದ್ದರು. ಬಾಗಿಲು ಹಾಕಿ ಮನೆಯೊಳಗೆ ಬಿಟ್ಟುಹೋಗೋಣ ಅಂದರೆ ನಾಲ್ಕೂವರೆ ವರ್ಷದ ಮಗು. ನಮ್ಮ ಊರಲ್ಲಿ ಇರುವುದು ಒಂದೇ ಶಿಶುವಿಹಾರ.

ಹೊರಡುವಾಗ ಟೀಚರ್ ಹಿಂದಿನಿಂದ ಕೂಗಿದರು. “ಅಂದಹಾಗೆ, ಅವಳಪ್ಪ ಸೈನ್ಯದಲ್ಲಿರೋದು ನೀವು ಹೇಳೇ ಇಲ್ಲ! ನಮ್ಮ ವೀರರು ಅಂತ ಫೋಟೋ ತರೋಕೆ ಹೇಳಿದ್ದೆ. ಅವಳು ತಂದಿದಾಳೆ ನೋಡಿ.”

ಗೋಡೆಯ ಮೇಲೆ ಬಣ್ಣದ ಕಾಗದದ ಅಂಚು ಕಟ್ಟಿ ಸಾಲಾಗಿ ಫೋಟೋಗಳನ್ನು ಅಂಟಿಸಿದ್ದರು. ಮೂರನೆಯದು ನಮ್ಮನೆಯವರದು. ಕ್ಲಾರಿನೆಟ್ ಹಿಡಿದ ಕೈ ಕಾಣದ ಹಾಗೆ ಕೆಳಗಿನ ಭಾಗ ಅಂಚಿನ ಹಿಂದೆ ಹೋಗಿತ್ತು. ಕೆಂಪು ಕೋಟು, ಜರಿ ಕುಚ್ಚು, ಹಿತ್ತಾಳೆ ಗುಂಡಿ. ತಿಳಿಯದವರು ನೋಡಿದರೆ ಯಾವುದೋ ದೊಡ್ಡ ದಳದ ಅಧಿಕಾರಿ ಅನ್ನಬೇಕು. ಇಂಚರ ಓಡಿ ಬಂದು ನನ್ನ ಸೆರಗು ಹಿಡಿದು, “ಟೀಚರ್ ಅಪ್ಪಂಗೆ ಸೆಲ್ಯೂಟ್ ಹೊಡೆದ್ರು ಅಮ್ಮಾ” ಅಂದಳು. ಅವಳ ಮುಖ ನೋಡಿ ನಾನು, “ಇಲ್ಲ ಟೀಚರ್, ಅವರು ಬ್ಯಾಂಡಿನವರು” ಅನ್ನಲಿಲ್ಲ. ಹೂಂ ಅಂದೆ. ಕೊನೆಯ ಸಲ ಅವರು ಆ ಕೋಟು ಹಾಕಿಕೊಂಡು ಹೋಗಿದ್ದ ಮದುವೆಯಲ್ಲಿ ಊಟಕ್ಕೆ ಹಿತ್ತಲಲ್ಲಿ ಕೂರಿಸಿದ್ದರು ಅನ್ನುವುದು ನನಗೆ ನೆನಪಿತ್ತು. ಇಲ್ಲಿ ಗೋಡೆಯ ನಡುವೆ ಇದ್ದಾರಲ್ಲ, ಇರಲಿ ಅನ್ನಿಸಿತು.

ಆಗಸ್ಟ್ ಹದಿನೈದರ ತನಕ ನಾನು ಎಲ್ಲ ಪ್ರಯತ್ನ ಮಾಡಿದೆ. ತುಟಿಗೆ ಬೆಣ್ಣೆ ಹಚ್ಚಿದೆ. ಎದ್ದ ಕೂಡಲೆ ಅಂಗಳದಲ್ಲಿ ನಿಲ್ಲಿಸಿ, “ಎಷ್ಟು ಬೇಕೋ ಅಷ್ಟು ಊದಿ ಖಾಲಿ ಮಾಡ್ಕೋ” ಅಂದೆ. ಅವಳು ಸಂತೋಷದಿಂದ ಊದಿದಳು. ಒಂಬತ್ತಕ್ಕೆ ಮತ್ತೆ ತುಂಬಿಕೊಂಡಿತ್ತು. ಒಂದು ದಿನವೂ ಗದರಲಿಲ್ಲ. ಕೊಟ್ಟ ಮಾತಿನ ಸುತ್ತ ಸುತ್ತುತ್ತಲೇ ಇದ್ದೆ, ಅದನ್ನು ಮುಟ್ಟದ ಹಾಗೆ.

ಹದಿನೈದರ ಬೆಳಿಗ್ಗೆ ಅವಳ ಬಿಳಿ ಲಂಗಕ್ಕೆ ಇಸ್ತ್ರಿ ಹಾಕಿ, ತಲೆ ಬಾಚಿ ಎರಡು ಜಡೆ ಹೆಣೆಯುತ್ತಿದ್ದೆ. ಹೊರಗೆ ಜನ ಆಗಲೇ ಶಿಶುವಿಹಾರದ ಕಡೆ ಹೋಗುತ್ತಿದ್ದರು. ಯಾರೋ ಕಿಟಕಿಯ ಹತ್ತಿರ ನಿಂತು, “ಇವತ್ತಾದ್ರೂ ಪೀಪಿ ಮನೇಲಿ ಬಿಟ್ಟು ಬಾ, ಪುಟ್ಟಿ” ಅಂದು ಹೋದರು. ಇಂಚರ ನನ್ನ ಮಂಡಿಯ ನಡುವೆ ನಿಂತು, ಗೋಡೆಯ ಮೇಲೆ ಫೋಟೋ ಇದ್ದ ಖಾಲಿ ಜಾಗ ನೋಡುತ್ತಾ ಕೇಳಿದಳು: “ಅಪ್ಪ ಮದುವೆಗೆ ಹೋಗಿಲ್ಲ ಅಲ್ವಾಮ್ಮಾ? ಗಡೀಲಿದಾರೆ ಅಂತ ಟೀಚರ್ ಹೇಳಿದ್ರು.”

ನನ್ನ ಕೈ ಜಡೆಯಲ್ಲೇ ನಿಂತಿತು. ಹಿಂದಿನ ದಿನ ಹಬ್ಬದ ಬಟ್ಟೆ ಅಂತ ನೂರ ನಲವತ್ತು ಉಡುಪಿಗೆ ಇಸ್ತ್ರಿ ಹಾಕಿದ್ದೆ. ಬೆನ್ನು ಬಗ್ಗುತ್ತಿರಲಿಲ್ಲ. ಯೋಚನೆ ಮಾಡಿ ಹೇಳಿದೆ ಅಂದರೆ ಸುಳ್ಳಾಗುತ್ತದೆ, ಯೋಚಿಸದೆ ಹೇಳಿದೆ ಅಂದರೂ ಸುಳ್ಳೇ. ಬಾಯಿಗೆ ಬಂತು, ಬಿಟ್ಟೆ.

“ಹೌದು ಕಂದ. ಗಡೀಲಿದಾರೆ. ಬಚ್ಚಿಟ್ಕೊಂಡಿದಾರೆ.”

“ಎಲ್ಲಿ?”

“ಕಾಡಲ್ಲಿ. ಸುತ್ತ ಶತ್ರುಗಳಿದಾರೆ. ನೀನು ಊದ್ತೀಯಲ್ಲ, ಅದು ಅಪ್ಪನ ಸದ್ದು. ನೀನಿಲ್ಲಿ ಊದಿದ್ರೆ ಶತ್ರುಗಳು ಕಿವಿ ಇಟ್ಟು ಕೇಳ್ತಾರೆ. ಓ, ಇದೇ ಸದ್ದಿನೋನು ಇಲ್ಲೇ ಎಲ್ಲೋ ಇದಾನೆ ಅಂತ ಹುಡುಕ್ತಾರೆ. ಸಿಕ್ಕಿದ್ರೆ…”

“ಸಿಕ್ಕಿದ್ರೆ?”

“ಸಿಗಬಾರದು, ಅಷ್ಟೆ. ನೀನು ಊದಬಾರದು.”

ಅವಳು ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಜವಾಬ್ದಾರಿ ಇತ್ತು. ಅದು ಮಗುವಿನ ಮುಖಕ್ಕೆ ಹೊಂದುವಂಥದ್ದಲ್ಲ. ಎರಡು ಕೈಯನ್ನೂ ಬಾಯಿಯ ಮೇಲೆ ಇಟ್ಟುಕೊಂಡಳು. ಹಾಗೇ ದಾರಿಯುದ್ದಕ್ಕೂ ನಡೆದಳು. ಒಂದು ಕೈ ನನಗೆ ಹಿಡಿಯಲು ಕೊಡು ಅಂದರೂ ಕೊಡಲಿಲ್ಲ.

ಊರೆಲ್ಲ ಬಂದಿತ್ತು. ಬೇಲಿಯಾಚೆ ಅಂಗಡಿಯವರು, ದೊರೆಸ್ವಾಮಣ್ಣ, ಬುಟ್ಟಿ ಕೆಳಗಿಟ್ಟ ಚೆನ್ನಾಜಮ್ಮ. ಹಬ್ಬದ ದೊಡ್ಡ ಬಾವುಟ ಕಂಬಕ್ಕೆ ಒದ್ದೆ ಸೀರೆಯ ಹಾಗೆ ಅಂಟಿಕೊಂಡಿತ್ತು. ಮಕ್ಕಳು ಹಾಡಿದರು. ಹಾಡು ಮುಗಿಯಿತು. ಟೀಚರ್ ಕಣ್ಣು ಮುಚ್ಚಿ ಎಣಿಸತೊಡಗಿದರು. ಅವರ ಬೆರಳು ಸೀರೆಯ ಮಡಿಕೆಯ ಮೇಲೆ ಒಂದೊಂದಾಗಿ ಆಡುವುದು ನನಗೆ ಕಾಣುತ್ತಿತ್ತು. ಹತ್ತು. ಹನ್ನೊಂದು. ಹನ್ನೆರಡು. ಊರಿಗೆ ಊರೇ ನನ್ನ ಮಗಳ ತುಟಿ ನೋಡುತ್ತಿತ್ತು. ಅವಳು ಕೈ ಕೆಳಗಿಳಿಸಿ, ಅಟೆನ್ಷನ್ನಿನಲ್ಲಿ ನಿಂತು, ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಹದಿನೈದರಲ್ಲಿ ಬಾವುಟದ ಅಂಚು ಅಲುಗಿತು. ಹದಿನೆಂಟರಲ್ಲಿ ಮಡಿಕೆ ಬಿಚ್ಚಿತು. ಇಪ್ಪತ್ತಕ್ಕೆ ಅದು ಎಷ್ಟು ಜೋರಾಗಿ ಹಾರಿತು ಅಂದರೆ ನನ್ನ ಬೆವರಿದ ಕತ್ತಿಗೆ ತಣ್ಣಗೆ ಏನೋ ತಾಕಿತು. ಹೀಗೆ ಯಾವ ವರ್ಷವೂ ಹಾರಿರಲಿಲ್ಲ ಅಂತ ಈಗಲೂ ಹೇಳುತ್ತಾರೆ. ಚೆನ್ನಾಜಮ್ಮ ಅಳುತ್ತಾ ಓಡಿ ಬಂದು ಅವಳ ಎರಡು ಜಡೆಗೂ ಮಲ್ಲಿಗೆ ಮುಡಿಸಿದಳು. ಟೀಚರ್ ಹಸಿರು ಪಟ್ಟಿ ತಂದು ಸೊಂಟಕ್ಕೆ ಕಟ್ಟಿ, “ಅಪ್ಪನ ಮಗಳು!” ಅಂದರು. ಇಂಚರಳ ಕೆಳತುಟಿಯಲ್ಲಿ ಒಂದು ಹನಿ ರಕ್ತ ಇತ್ತು. ನಾನು ಸೆರಗಿನಿಂದ ಒರೆಸಿದೆ.

ಆವತ್ತಿನಿಂದ ದಿನಾ ಹಾರುತ್ತಿದೆ. ಬೋಣಿ ಹೊತ್ತಿಗೆ ಸರಿಯಾಗಿ ಆಗುತ್ತದೆ. ಪಟ್ಟಿ ಅವಳಿಗೆ ವಾರದಲ್ಲಿ ಮೂರು ಸಲ ಸಿಗುತ್ತದೆ. ಹೋಟೆಲಿನವರು ಕೊಟ್ಟ ಬಿಸ್ಕತ್ತನ್ನು ಅಪ್ಪನಿಗೆ ಅಂತ ಡಬ್ಬಿಯಲ್ಲಿ ಎತ್ತಿಡುತ್ತಾಳೆ. ಮನೆಯಲ್ಲಿ ತಟ್ಟೆ ಇಡುವಾಗ ಸದ್ದಾಗದಂತೆ ಎರಡು ಕೈಯಲ್ಲಿ ಇಡುತ್ತಾಳೆ. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಓಡಿ ಬಂದು ಬಾಗಿಲು ಮುಚ್ಚುತ್ತಾಳೆ. ಒಂದು ಸಂಜೆ ಮದುವೆ ಮೆರವಣಿಗೆ ನಮ್ಮ ಬೀದಿಯಲ್ಲಿ ಬಂತು, ಅವಳಪ್ಪ ಇದ್ದ ಅದೇ ಬ್ಯಾಂಡು, ಅದೇ ಕೆಂಪು ಕೋಟುಗಳು. ಮೊದಲಾಗಿದ್ದರೆ ಕುಣಿಯುತ್ತಿದ್ದಳು. ಅವತ್ತು ಮಂಚದ ಕೆಳಗೆ ಸೇರಿಕೊಂಡು ಕಿವಿ ಮುಚ್ಚಿಕೊಂಡು, “ಅವರಿಗೆ ನಿಲ್ಸೋಕೆ ಹೇಳಮ್ಮಾ, ನಿಲ್ಸೋಕೆ ಹೇಳು” ಅಂತ ನಡುಗುತ್ತಿದ್ದಳು.

ಮೊನ್ನೆ ಭಾನುವಾರ ಇನ್ನು ತಡೆಯಲಾಗಲಿಲ್ಲ. ಪೆಟ್ಟಿಗೆಯಿಂದ ಕ್ಲಾರಿನೆಟ್ ತೆಗೆದು, ಬಟ್ಟೆಯಲ್ಲಿ ಒರೆಸಿ, ಮೂತಿಯನ್ನು ಬಿಚ್ಚಿ ಅವಳ ಮುಂದೆ ಹಿಡಿದೆ. “ಊದು ಕಂದ. ಅಮ್ಮನೇ ಹೇಳ್ತಿದೀನಿ. ಒಂದೇ ಸಲ.”

ಅವಳು ತಲೆ ಅಲ್ಲಾಡಿಸಿದಳು.

“ಏನೂ ಆಗಲ್ಲ. ಶತ್ರುಗಳೂ ಇಲ್ಲ, ಯಾರೂ ಇಲ್ಲ. ಅಮ್ಮ ಸುಳ್ಳು ಹೇಳಿದ್ದು.”

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಆ ಮೂತಿಯ ತೂತಿಗೆ ತನ್ನ ಹೆಬ್ಬೆರಳು ಒತ್ತಿ ಮುಚ್ಚಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಮತ್ತೆ ಅಪ್ಪ ಎಲ್ಲಿ?”

ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗ ಇರಲಿಲ್ಲ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೂರು ವರ್ಷ ಮುಂದೂಡಿದ್ದನ್ನು ಹೇಳಿದೆ. “ಅಪ್ಪ ಇಲ್ಲ ಕಂದ. ಅಪ್ಪ ಸತ್ತುಹೋದ್ರು.”

ಅವಳು ಅಳಲಿಲ್ಲ. ತನ್ನ ಮಣಿಕಟ್ಟಿನ ಹಳೆ ಗಾಯವನ್ನು ಉಗುರಿನಿಂದ ಕೆರೆದಳು. ಆಮೇಲೆ, ಹೊರಗೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಯಾರಮ್ಮಾ ಸದ್ದು ಮಾಡಿದ್ದು?”

ಯಾರೂ ಇಲ್ಲ ಅಂದೆ. ನೀನಲ್ಲ ಅಂದೆ. ಜ್ವರ, ಕೆಮ್ಮು, ಆಸ್ಪತ್ರೆ ಎಲ್ಲ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿದಳು, ಟೀಚರ್ ಹೇಳಿದ್ದಕ್ಕೆ ತಲೆಯಾಡಿಸುವ ಹಾಗೆ. ಕೇಳಿ ಮುಗಿದ ಮೇಲೆ ನನ್ನ ತೊಡೆಯಿಂದ ಇಳಿದು, ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಇಟ್ಟು, ಮುಚ್ಚಳ ಸದ್ದಾಗದಂತೆ ಮುಚ್ಚಿದಳು. ಶಿಶುವಿಹಾರ ಸೇರಿದ ಮೇಲೆ ತಾನು ಎಷ್ಟು ಸಲ ಊದಿದ್ದೆ ಅಂತ ಎಣಿಸುತ್ತಿದ್ದಾಳೆ ಅನ್ನುವುದು ಅವಳ ಬೆರಳು ನೋಡಿ ನನಗೆ ತಿಳಿಯಿತು.

ಮಗು ಊದಿದರೆ ಬಾಯಿ ಮುಚ್ಚಿಸುವುದಿಲ್ಲ ಅಂತ ನಾನು ಸಿದ್ಧರಾಜುಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.